ನೆರಳಿನ ಅಳತೆ

ತ್ರ್ಯಾವ್ನಾ
ನವೆಂಬರ್ ೨

ವಾರ್ನಾ ಬಂದರಿನ ಸಮಸ್ತ ಹುಳುಕು ಹಲ್ಲುಗಳ ಸಂಹಾರಿಣಿ, ನನ್ನ ಕಿವಿ ಹಿಂಡುವ ಅಖಂಡ ಹಕ್ಕುಳ್ಳ ಶ್ರೀಮನ್ಮಹಾರಾಣಿ ಝ್ಲಾತಿನಾ ಅಕ್ಕನವರ ಸನ್ನಿಧಾನಕ್ಕೆ, ತಮ್ಮ ಲ್ಯೂಬೆನ್ ಮೊಣಕಾಲೂರಿ ಮಾಡುವ ಅರಿಕೆ.

ಅಜ್ಜಿ ನಿನ್ನಲ್ಲಿಗೆ ಬಂದು ಮೂರು ವಾರವಾದರೂ ಬರೆಯಲಿಲ್ಲ, ಕ್ಷಮಿಸು. ಫೋನ್ ಕಂಡರೆ ಅವಳು ಮುಖ ಮುಚ್ಚಿಕೊಳ್ಳುತ್ತಾಳೆ ಎಂದೆಯಲ್ಲ, ಅದಕ್ಕೇ ಈ ಕಾಗದ. ಅವಳಿಗೆ ಗಟ್ಟಿಯಾಗಿ ಓದಿ ಹೇಳು.

ಅವಳ ಫೋನಿನಲ್ಲಿ ಮೊದಲು ಬಂದದ್ದು ಗೋರಿಕಲ್ಲಿನ ಜಾಹೀರಾತು. ಆಮೇಲೆ ಹೆಣದ ಮೇಲಿಡುವ ಹೂಚಕ್ರ, ಸೂತಕದ ಕರಿಬಟ್ಟೆ, ಕೊನೆಗೆ ನಮ್ಮೂರಿನ ಕಲ್ಲುಕುಟಿಗನ ವಿಳಾಸ.

"ಹಿಂದೆ ಮೇಸ್ತ್ರಿಗಳು ದಾರೀಲಿ ಹೋಗೋರ ನೆರಳನ್ನ ದಾರದಲ್ಲಿ ಕದ್ದು ಅಳೀತಿದ್ರು ಕಣೋ," ಎಂದಳು ಅಜ್ಜಿ. "ಆ ದಾರಾನ ಗೋಡೆಯೊಳಗಿಟ್ಟು ಕಟ್ಟಿಬಿಡೋರು. ಗೋಡೆ ನಿಲ್ತಿತ್ತು, ನೆರಳಿನೋರು ನಲವತ್ತನೇ ದಿನಕ್ಕೆ ಹೋಗಿಬಿಡೋರು. ಈ ಫೋನೂ ನನ್ನ ಅಳೀತಾ ಇದೆ."

"ಇದರ ಹತ್ರ ದಾರ ಎಲ್ಲಿದೆ ಅಜ್ಜೀ?"

"ನಗು, ನಗು. ಅಳೆಸಿಕೊಂಡೋರಿಗೆ ದಾರ ಯಾವತ್ತು ಕಂಡಿದೆ?"

ಕಂಪ್ಯೂಟರ್ ಮೇಷ್ಟ್ರು ವರ್ಷವಿಡೀ ಹೇಳಿದರೂ ತಲೆಗೆ ಹತ್ತದ್ದು ಆ ಕಥೆಯಿಂದ ಹತ್ತಿತು. ಯಾವ ಚಿತ್ರದ ಮುಂದೆ ಎಷ್ಟು ಉಸಿರಿನ ಹೊತ್ತು ನಿಂತೆವೋ ಅಷ್ಟನ್ನೂ ಫೋನು ಅಳೆದಿಡುತ್ತದೆ, ಅದರಂತೆ ಮುಂದಿನ ಜಾಹೀರಾತು ತರುತ್ತದೆ. ಮೇಸ್ತ್ರಿಗೆ ದಾರಿಹೋಕನ ಮೇಲೆ ದ್ವೇಷವಿರಲಿಲ್ಲ, ಅಳತೆಯೊಂದು ಬೇಕಿತ್ತು. ಇದಕ್ಕೂ ಅಷ್ಟೇ.

ಅವಳು ದಿನ ಎಣಿಸತೊಡಗಿದಳು. ಕೋಳಿಗಳನ್ನು ಪಕ್ಕದ ಮನೆಗೆ ಕೊಟ್ಟು, ನಿನ್ನನ್ನು ಕೊನೆಯ ಸಲ ನೋಡಬೇಕೆಂದು ಹೊರಟೇಬಿಟ್ಟಳು. ಆ ಮೊದಲ ಜಾಹೀರಾತು ಬಂದು ಇಂದಿಗೆ ಮೂವತ್ತೆರಡು ದಿನ. ಈಗ ಊಟವನ್ನೂ ಬಿಟ್ಟಿದ್ದಾಳೆ ಎನ್ನುತ್ತೀಯ.

ಅಜ್ಜೀ, ಕೇಳಿಸಿಕೋ. ಆ ಫೋನು ಅಳೆದದ್ದು ನಿನ್ನನ್ನಲ್ಲ, ನನ್ನ ಕಪಿಚೇಷ್ಟೆಯನ್ನು. ಊರಲ್ಲಿ ಯಾರು ಸತ್ತರೂ ಬಾಗಿಲಿಗೆ, ಮರಕ್ಕೆ ಅಂಟಿಸುತ್ತಾರಲ್ಲ, ಕಪ್ಪು ಅಂಚಿನ ಚೀಟಿ? ಗೆಳೆಯ ಮಿರೋನನ ಹುಟ್ಟುಹಬ್ಬಕ್ಕೆ ಅವನ ಹೆಸರಲ್ಲೇ ಒಂದು ಬರೆದು ಬೇಕರಿ ಬಾಗಿಲಿಗೆ ಹಚ್ಚಿದವನು ನಾನು. ಅವರಮ್ಮ ಅಲ್ಲೇ ಕುಸಿದು ಕೂತರು. ಅದಕ್ಕೆ ಬೇಕಾದ ಪದ್ಯ, ಶಿಲುಬೆ, ಕಲ್ಲು ಎಲ್ಲವನ್ನೂ ಹುಡುಕಿದ್ದು ನಿನ್ನ ಫೋನಿನಲ್ಲಿ. ಆ ದಡ್ಡ ಯಂತ್ರ ನೀನೇ ಗಿರಾಕಿ ಅಂದುಕೊಂಡಿತು, ಅಷ್ಟೇ. ಎದ್ದು ಒಂದು ಬಟ್ಟಲು ಸೂಪು ಕುಡಿ. ಬಂದಮೇಲೆ ಕೋಲು ತಗೋ, ನಾನೇ ಬೆನ್ನು ತಿರುಗಿಸಿ ನಿಲ್ಲುತ್ತೇನೆ.

ದೇವರು ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ಇಂತಿ, ಸಕಲ ಚೇಷ್ಟೆಗಳ ನಿವೃತ್ತ ಅಧ್ಯಕ್ಷ,
ಲ್ಯೂಬೆನ್

ಮರೆತ ಮಾತು: ಅಕ್ಕಾ, ಇಲ್ಲಿಂದ ಮುಂದೆ ಅಜ್ಜಿಗೆ ಓದಬೇಡ. ಚೀಟಿ ಹಚ್ಚಿದ್ದೂ ನಿಜ, ಅವಳ ಫೋನಿನಲ್ಲಿ ಹುಡುಕಿದ್ದೂ ನಿಜ. ಆದರೆ ಮೊದಲ ಗೋರಿಕಲ್ಲು ಅದಕ್ಕೂ ಮೂರು ದಿನ ಮುಂಚೆಯೇ ಬಂದಿತ್ತು. "ಇದೇನೋ ಇದು, ನೋಡು" ಎಂದು ಅವಳೇ ತೋರಿಸಿದ್ದಳು. ಆ ಚೇಷ್ಟೆ ನನಗೆ ಹೊಳೆದದ್ದೇ ಅದನ್ನು ನೋಡಿ.