ಐದನೆಯ ವರ್ಷದ ಸಪ್ಪೆ ವ್ರತ

ಜುಲೈ 6, ನಡಿಯಾದ್

ಬೆಳಗಿನ ಲಿಥಿಯಂ ಗುಳಿಗೆ ನುಂಗಿದ್ದಾಯಿತು. ಮೇಲೆ ಎರಡು ಲೋಟ ನೀರು. ಚಹಾ ಕೊಡುವಾಗ ಕೈ ನಡುಗಿ ಕಪ್ಪು ಸಾಸರು ಕಟಕಟ ಅಂದವು — ನಿಕುಂಜ್ ಪೇಪರಿನಿಂದ ತಲೆ ಎತ್ತಲಿಲ್ಲ. ಗಂಡನಿಗೂ ರೂಢಿಯಾಗಿಹೋಗಿದೆ. ಮೈ ಊದಿ ಮದುವೆಯ ಬ್ಲೌಸು ಒಂದೂ ಆಗುವುದಿಲ್ಲ. ಇದೂ ಒಂದು ಬದುಕೇ? ಆದರೆ ಗುಳಿಗೆ ಬಿಡುವ ಹಾಗಿಲ್ಲ. ಅದು ಶುರುವಾಗುವ ಮೊದಲು, ಡಿಸೆಂಬರಿನಲ್ಲಿ, ವಾರಗಟ್ಟಲೆ ನಿದ್ದೆಯಿಲ್ಲದೆ ಟೆರೇಸಿನ ಕಟ್ಟೆಯ ಮೇಲೆ ಹಾಡುತ್ತಾ ನಡೆದವಳು ನಾನೇ.

ನಾಡಿದ್ದಿನಿಂದ ಜಯಾಪಾರ್ವತಿ ವ್ರತ. ಗಂಡನ ಆಯುಸ್ಸಿಗಾಗಿ. ಐದು ವರ್ಷದ ಹರಕೆ, ಪ್ರತಿ ವರ್ಷ ಐದು ದಿನ ಉಪ್ಪು ಮುಟ್ಟುವಂತಿಲ್ಲ. ಇದು ಕೊನೆಯ ವರ್ಷ. ಈಗ ಮುರಿದರೆ ಹಿಂದಿನದೆಲ್ಲ ನೀರುಪಾಲು.

ಉಪವಾಸ ಮಾಡಬಹುದೇ ಎಂದು ಗುಳಿಗೆ ಬರೆದುಕೊಟ್ಟ ಡಾಕ್ಟರಮ್ಮನನ್ನು ಚಳಿಗಾಲದಲ್ಲೇ ಕೇಳಿದ್ದೆ. ಸೈಂಧವ ಉಪ್ಪಿನ ಆಲೂಗಡ್ಡೆ, ಸಾಬಕ್ಕಿ ಖಿಚಡಿ ತಿನ್ನೋ ಏಕಾದಶಿ ತಾನೇ, ಧಾರಾಳವಾಗಿ ಮಾಡಿ, ಅಂದು ನಕ್ಕಿದ್ದರು. ನಾನೂ ನಕ್ಕೆ. ಈ ವ್ರತದ ಮಾತೇ ಬರಲಿಲ್ಲ.

ಜುಲೈ 9

ಸಪ್ಪೆ ಪೂರಿ, ಹಾಲು. ಗಂಟಲಲ್ಲಿ ಇಳಿಯದು. ಅತ್ತೆ ಎದುರಿಗೇ ಕೂತು ತಿನ್ನಿಸುತ್ತಾರೆ. ನನಗೆ ಜೊತೆಯಾಗಲೆಂದು ತಾವೂ ಉಪ್ಪು ಬಿಟ್ಟಿದ್ದಾರೆ. ವ್ರತಕ್ಕೆಂದು ವಾರದ ಹಿಂದೆ ಪೂಜೆಯ ಕುಡಿಕೆಯಲ್ಲಿ ಬಿತ್ತಿದ ಗೋಧಿಯ ಸಸಿ ಬೆರಳುದ್ದ ಎದ್ದಿದೆ. ಪಕ್ಕದ ಮನೆಯ ಜಿಗೀಷಾ ಬಂದು ಕೆಣಕಿದಳು: "ನಿಕುಂಜ್‌ಭಾಯಿಗೆ ಇನ್ಯಾವ ವ್ರತ ಬೇಕು? ನಿನ್ನ ಅಡುಗೆ ತಿಂದೂ ಬದುಕಿದ್ದಾರಲ್ಲ!" ಎಷ್ಟೋ ದಿನದ ಮೇಲೆ ನಗು ಬಂತು.

ಜುಲೈ 11

ನಿನ್ನೆ ಬರೆಯಲಾಗಲಿಲ್ಲ. ಪೆನ್ನು ಹಿಡಿತಕ್ಕೆ ಸಿಗಲಿಲ್ಲ... ವಾಂತಿ. ಭೇದಿ. ಕುಡಿದ ನೀರೂ ನಿಲ್ಲುತ್ತಿಲ್ಲ. ನಾಲಿಗೆ ದಪ್ಪ, ಮಾತು ಕುಡುಕರ ಹಾಗೆ ತೊದಲುತ್ತದೆ. ಬರಿ ಹೊಟ್ಟೆ, ಅದಕ್ಕೇ, ಅಂತಾರೆ ಅತ್ತೆ. ನಾನೂ ಹಾಗೇ ಅಂದುಕೊಂಡೆ.

ಗುಳಿಗೆ ಒಂದು ಹೊತ್ತೂ ತಪ್ಪಿಸಿಲ್ಲ. ವ್ರತವನ್ನೂ ತಪ್ಪಿಸಿಲ್ಲ. ಹೇಳಿದ್ದನ್ನೆಲ್ಲ ಕೇಳಿಯೂ ಈ ಪಾಡೇ? ಸಾಕಾಗಿದೆ, ಪಾರ್ವತಿ. ನಿಜವಾಗಿಯೂ ಸಾಕಾಗಿದೆ.

ಜುಲೈ 12, ಸಂಜೆ

ಅಂಗಳದಲ್ಲಿ ಬಿದ್ದೆ. ನಿಕುಂಜ್ ಡಾಕ್ಟರಮ್ಮನಿಗೆ ಫೋನ್ ಮಾಡಿದರು. ಸ್ಪೀಕರಿನಲ್ಲಿ ಎಲ್ಲ ಕೇಳಿಸಿತು.

"ಐದು ದಿನದಿಂದ ಉಪ್ಪೇ ಇಲ್ವಾ? ಮೈಯಲ್ಲಿ ಉಪ್ಪು ಇಳಿದರೆ ಲಿಥಿಯಂ ಹೊರಗೆ ಹೋಗಲ್ಲ, ಒಳಗೇ ಸೇರಿ ವಿಷ ಆಗುತ್ತೆ. ಗುಳಿಗೆ ನಿಲ್ಲಿಸಿ. ಈಗಲೇ ಕರ್ಕೊಂಡು ಬನ್ನಿ, ಕಾಯಬೇಡಿ."

ನಿಕುಂಜ್ ಕಾರು ತರಲು ಓಡಿದರು. ಅತ್ತೆ ಅಡುಗೆಮನೆಯಿಂದ ಉಪ್ಪು ತಂದು ತುಟಿಯ ಹತ್ತಿರ ಹಿಡಿದರು. "ತಿನ್ನು ಕೇತಕೀ. ವ್ರತ ಹಾಳಾಗಿ ಹೋಗಲಿ. ನನ್ನ ಮಗನಿಗೇನಾದರೂ ಆದರೆ ಆ ಪಾಪ ನನಗಿರಲಿ, ತಿನ್ನು ಮಗಳೇ."

ಬಾಯಿ ತೆರೆಯಲಿಲ್ಲ. ಗೋಡೆ ಹಿಡಿದು ಬಂದು ದೇವರಮನೆಯ ಚಿಲಕ ಹಾಕಿಕೊಂಡಿದ್ದೇನೆ. ಆಸ್ಪತ್ರೆಯಲ್ಲಿ ನರಕ್ಕೆ ಏರಿಸುವುದೂ ಉಪ್ಪುನೀರೇ. ಇವತ್ತೊಂದು ರಾತ್ರಿ ವ್ರತದ ಕೊನೆಯ ಜಾಗರಣೆ. ಬೆಳಗಾದರೆ ಮುಗಿಯಿತು, ಎಷ್ಟು ಬೇಕಾದರೂ ಉಪ್ಪು ತಿನ್ನುತ್ತೇನೆ.

ನಿಕುಂಜ್ ಬಂದರು. ಬಾಗಿಲು ಗುದ್ದುತ್ತಿದ್ದಾರೆ. ಅಳುತ್ತಿದ್ದಾರೆ — ಮದುವೆಯಾದ ಮೇಲೆ ಇವರು ಅತ್ತದ್ದು ಕೇಳಿರಲಿಲ್ಲ. ಒಂದು ರಾತ್ರಿ ತಡೀರಿ ಅನ್ನಬೇಕು. ನಾಲಿಗೆ ಹೊರಳದು.

ಡಿಸೆಂಬರಿನಿಂದ ಇವರಿಗೆ ನಾನು ಕೊಟ್ಟದ್ದು ಬರೀ ಹೆದರಿಕೆ. ಇದೊಂದನ್ನಾದರೂ ಪೂರ್ತಿಯಾಗಿ ಕೊಡ—