ತಳದಲ್ಲಿ ಕೊರೆದ ಹೆಸರು

ಎರಡನೆಯ ಮಳೆಗಣನೆಯ ನೂರಾ ಹದಿನೇಳನೆಯ ವರ್ಷ, ಹದಿಮೂರನೆಯ ತಿಂಗಳು, ಜೋಡಣೆ ಹಬ್ಬದ ಮರುದಿನ
ಹುಬ್ಬಳ್ಳಿ

ಮೃತ್ಯುಂಜಯನಿಗೆ,

ಈ ತಾರೀಖು ನಿನ್ನ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ, ಹುಡುಕಬೇಡ. ನನ್ನ ಮಾತು ನಿನಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಬಹುದು. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ವಿಡಿಯೋಗಳಿಂದ ಕಲಿತವಳು, ಅವುಗಳಲ್ಲಿ ಹೆಚ್ಚಿನವು ನೀನು ಇನ್ನು ಮುಂದೆ ಮಾಡಲಿರುವವು. ಭಾಷೆಯಲ್ಲಿ ತಪ್ಪಿದ್ದರೆ ಕ್ಷಮೆ ಇರಲಿ. ಉಳಿದ ಯಾವುದಕ್ಕೂ ನಾನು ಕ್ಷಮೆ ಕೇಳುವುದಿಲ್ಲ. ಹಿರಿಯರಿಗೆ ಬರೆಯುವಾಗ ಬಹುವಚನ ಹಾಕಬೇಕೆಂಬ ನಿಯಮ ನಮ್ಮಲ್ಲೂ ಇದೆ. ನಿನಗೆ ಹಾಕಲು ಕೈ ಬರಲಿಲ್ಲ.

ನನ್ನ ಹೆಸರು ಚಿಗರಿ. ನಿನ್ನ ಚಿಕ್ಕಪ್ಪನ ಮಗಳು ನೀಲಾಂಬಿಕಾ ಇದ್ದಾಳಲ್ಲ, ನಿನ್ನನ್ನು ಬಾಯಿತುಂಬ ಅಣ್ಣ ಎಂದು ಕರೆಯುವ ನೀಲಾ, ನಾನು ಅವಳ ಆರನೆಯ ತಲೆಮಾರಿನವಳು. ನೀನು ಊರಿನ ಕಂಪ್ಯೂಟರ್ ಆಟದ ಪಂದ್ಯ ಗೆದ್ದು ಇನ್ನೂ ವಾರವೂ ಆಗಿಲ್ಲ. ಹಾರ ಒಣಗಿರುತ್ತದೆ, ಬಾಗಿಲಿಗೆ ನೇತುಹಾಕಿಕೊಂಡಿರುತ್ತೀ. ಇಂಥ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ, ಹಿಂದಿನ ಕಾಲಕ್ಕೆ ಕಳಿಸುವ ಓಲೆ. ಒಬ್ಬರಿಗೆ ಇಡೀ ಆಯುಷ್ಯದಲ್ಲಿ ಒಂದೇ ಸಲ ಅವಕಾಶ. ಜನ ತೀರಿಹೋದ ಅಜ್ಜಿಗೆ ಕ್ಷೇಮಸಮಾಚಾರ ಬರೆಯುತ್ತಾರೆ, ಪ್ರೀತಿಸಿದವರಿಗೆ ಹೇಳದೆ ಉಳಿದದ್ದನ್ನು ಬರೆಯುತ್ತಾರೆ. ನಾನು ನನ್ನ ಒಂದೇ ಒಂದು ಹಿಂದೋಲೆಯನ್ನು ನಿನ್ನ ಮೇಲೆ ಖರ್ಚು ಮಾಡುತ್ತಿದ್ದೇನೆ. ಎಷ್ಟು ಸಿಟ್ಟಿರಬೇಕು ಎಂದು ನೀನೇ ಅಂದಾಜು ಮಾಡಿಕೋ.

ನಮ್ಮ ಕಾಲದಲ್ಲಿ ಮನೆಯಲ್ಲಿ ಯಾರೂ ಕಂಪ್ಯೂಟರ್ ಇಟ್ಟುಕೊಳ್ಳುವುದಿಲ್ಲ. ಬಿಡಿಭಾಗ ಮಾಡುವುದು ನಿಂತು ಬಹಳ ಕಾಲವಾಯಿತು. ಊರಿಗೊಂದು ಹಂಚುಮನೆ ಇದೆ, ಯಂತ್ರಗಳೆಲ್ಲ ಅಲ್ಲಿವೆ, ಅಲ್ಲಿಂದ ನಮ್ಮ ಗೋಡೆಗಳ ಮೇಲೆ ಆಟ ಮೂಡುತ್ತದೆ. ನಿಮ್ಮ ಓಣಿಗೆ ನಳದ ನೀರು ಬರುವ ಹಾಗೆ, ಪಾಳಿಯ ಪ್ರಕಾರ, ಬಂದಾಗ ಬಂತು. ಪಾಳಿ ಇದ್ದ ದಿನ ಹೆಂಗಸರು ಒಲೆ ಬೇಗ ಆರಿಸುತ್ತಾರೆ, ಮುದುಕರು ಹಲ್ಲಿನ ಸೆಟ್ಟು ಹಾಕಿಕೊಂಡು ಗೋಡೆಯ ಮುಂದೆ ಕೂರುತ್ತಾರೆ. ಸ್ವಂತ ಕೈಯಿಂದ ಭಾಗ ಆರಿಸಿ, ಸ್ವಂತ ಕೈಯಿಂದ ಜೋಡಿಸಿ, ಬೇಕಾದಾಗ ಆಡುತ್ತಿದ್ದ ಕಾಲವೊಂದಿತ್ತು ಎಂಬುದು ನಮಗೆ ಪುರಾಣ. ಅದಕ್ಕೇ ಜೋಡಣೆ ಹಬ್ಬ. ಆ ದಿನ ಮಕ್ಕಳಿಗೆ ಮಣ್ಣಿನಲ್ಲಿ ಮಾಡಿದ ಪ್ರೊಸೆಸರು, ಮದರ್‌ಬೋರ್ಡು, ಗ್ರಾಫಿಕ್ಸ್ ಕಾರ್ಡುಗಳನ್ನು ಕೊಡುತ್ತೇವೆ, ಕಡಿಮೆ ಖರ್ಚಿನಲ್ಲಿ ಜಾಣತನದಿಂದ ಯಾರು ಆರಿಸುತ್ತಾರೆ ಎಂದು ನೋಡುತ್ತೇವೆ. ಹಂಚುಮನೆಯ ನಡುವೆ ಗಾಜಿನ ಗೂಡಿನಲ್ಲಿ ಒಂದು ಹಳೆಯ ಯಂತ್ರವಿದೆ. ಬಡವರ ಜೋಡಣೆಯ ಆದಿಗುರುವಿನದು ಅದು. ಗುರು ಯಾರು ಗೊತ್ತೇ? ಎದೆ ಉಬ್ಬಿಸು, ನೀನೇ.

ನಿನ್ನ ವಂಶದವರೇ ಹಂಚುಮನೆಯ ಯಜಮಾನರು. ಯಾರ ಗೋಡೆಗೆ ಎಷ್ಟು ಪಾಳಿ ಎಂದು ಅವರೇ ತೀರ್ಮಾನಿಸುತ್ತಾರೆ. ನಾವು ಅಲ್ಲಿ ಧೂಳು ಒರೆಸುವವರು. ನಮಗೆ ಸುಟ್ಟಪೆಟ್ಟಿಗೆಯವರು ಎಂದು ಅಡ್ಡಹೆಸರು. ಊರಿನಲ್ಲಿ ಯಾರಾದರೂ ಕೆಲಸ ಕೆಡಿಸಿದರೆ, ಸೀರೆಗೆ ಹೊಂದದ ಕುಪ್ಪಸ ಆರಿಸಿದರೂ ಸರಿ, “ನೀಲಾ ಜೋಡ್ಸಿದ್ಹಂಗ ಆತು ನೋಡು” ಎನ್ನುತ್ತಾರೆ. ಶಾಲೆಯಲ್ಲಿ ನನಗೂ ಅಂದರು. ಅಳುತ್ತ ಮನೆಗೆ ಬಂದ ನನ್ನನ್ನು ಅವ್ವ ಸಮಾಧಾನ ಮಾಡಲಿಲ್ಲ, ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದಳು. ಅವಳಿಗೆ ಅವಳ ಅವ್ವ ಹೇಳಿದ್ದು ಅದು.

ನೀಲಾ ಹೇಗೆ ಆರಿಸಿದಳು ಎಂಬುದು ನಿನಗೆ ಗೊತ್ತು, ನೀನು ಪಕ್ಕದಲ್ಲೇ ಕೂತು ಶೇಂಗಾ ತಿನ್ನುತ್ತಿದ್ದೆ. ಟ್ಯೂಶನ್ ಹೇಳಿ ಕೂಡಿಸಿದ ಹಣ ಅವಳದು. ಎಲ್ಲರೂ ಮೊದಲು ಬಣ್ಣದ ದೀಪದ ಕ್ಯಾಬಿನೆಟ್ ನೋಡುತ್ತಾರೆ, ಅವಳು ಮೊದಲು ತಾನು ಯಾವ ಆಟ ಆಡುವವಳು, ಯಾವ ಪರದೆಯ ಮೇಲೆ ಎಂದು ಕೇಳಿಕೊಂಡಳು. ಆಟಕ್ಕೆ ತಕ್ಕ ಗ್ರಾಫಿಕ್ಸ್ ಕಾರ್ಡು, ಕಾರ್ಡಿಗೆ ತಕ್ಕ ಪ್ರೊಸೆಸರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ, ಹಾಗೆ. ರ‍್ಯಾಮ್ ದೊಡ್ಡದೊಂದರ ಬದಲು ಸಣ್ಣವೆರಡು, ಜೋಡಿ ಎತ್ತು ಹಗುರಾಗಿ ಎಳೆಯುತ್ತವೆ ಎಂದಳು. ಗ್ರಾಫಿಕ್ಸ್ ಕಾರ್ಡನ್ನು ಯಾರೋ ಬಳಸಿ ಮಾರಿದ್ದನ್ನೇ ತಂದಳು, ತರುವ ಮುಂಚೆ ಅವರ ಮನೆಯಲ್ಲೇ ಕೂತು ಒಂದು ಆಟ ಪೂರ್ತಿ ಆಡಿ ನೋಡಿದಳು. ಒಂದೇ ಒಂದರಲ್ಲಿ ಕೈ ಬಿಗಿ ಹಿಡಿಯಲಿಲ್ಲ, ಅದು ಪವರ್ ಸಪ್ಲೈ, ಎಲ್ಲ ಭಾಗಗಳಿಗೂ ಕರೆಂಟು ಹಂಚುವ ಪೆಟ್ಟಿಗೆ. ಕ್ಯಾಬಿನೆಟ್ ಜೊತೆ ಅಂಗಡಿಯವರು ಒಂದನ್ನು ಪುಕ್ಕಟೆ ಕೊಡುತ್ತಾರೆ. ಅವಳು ಅದನ್ನು ಅಂಗೈಯಲ್ಲಿ ತೂಗಿ ನೋಡಿ, “ಖಾಲಿ ಡಬ್ಬಿ ಇದು, ಮನಿ ಸುಡತೈತಿ” ಎಂದು ಪಕ್ಕಕ್ಕಿಟ್ಟಳು. ಬೇರೆ ಖರೀದಿ ಮಾಡಿದಳು, ಗಟ್ಟಿಯಾದದ್ದು, ಕೈಯಲ್ಲಿ ಹಿಡಿದರೆ ಭಾರ ಗೊತ್ತಾಗುವಂಥದ್ದು.

ಜೋಡಿಸಲು ಮೇಜು, ಸ್ಕ್ರೂಡ್ರೈವರು ಎಲ್ಲ ನಿನ್ನ ಮನೆಯಲ್ಲಿದ್ದವು. ಜೋಡಿಸಲು ಅವಳಿಗೂ ಬರುತ್ತಿತ್ತು. ಆದರೆ ನೀನು, “ನೀ ಸುಮ್ಮ ಚಹಾ ಮಾಡ್ಕೊಂಡು ಬಾ ಹೋಗ ತಂಗಿ, ಇದೆಲ್ಲ ಗಂಡಸೂರು ಕೆಲಸ” ಎಂದೆ. ಅಣ್ಣ ಅಂದಮೇಲೆ ಅನುಮಾನ ಪಡುವ ಪದ್ಧತಿ ನಿಮ್ಮ ಮನೆಯಲ್ಲಿ ಇರಲಿಲ್ಲ. ಹಾಲು ಉಕ್ಕುವಷ್ಟು ಹೊತ್ತಿನಲ್ಲಿ ನೀನು ಅವಳ ಗಟ್ಟಿ ಪೆಟ್ಟಿಗೆಯನ್ನು ನಿನ್ನ ಯಂತ್ರದೊಳಗೆ ಸೇರಿಸಿಕೊಂಡೆ, ಪುಕ್ಕಟೆ ಡಬ್ಬಿಯನ್ನು ಅವಳದರಲ್ಲಿ ಕೂರಿಸಿ ಮುಚ್ಚಳ ಮುಚ್ಚಿದೆ. ಚಹಾ ಚೆನ್ನಾಗಿದೆ ಎಂದೂ ಹೇಳಿದೆಯಂತೆ. ನನಗೆ ಅತಿ ಹೆಚ್ಚು ಉರಿಯುವುದು ಅದಕ್ಕೆ.

ಕೊನೆಯ ಪಂದ್ಯ ಅವಳಿಗೂ ನಿನಗೂ ಬಿತ್ತು. ಅವಳು ಮುಂದಿದ್ದಳು, ಆ ಕಾಲದ ವಿಡಿಯೋ ಇಂದಿಗೂ ಇದೆ, ನಾನು ನೋಡಿದ್ದೇನೆ. ಆಮೇಲೆ ಫಟ್ ಎಂಬ ಸದ್ದು, ಹೊಗೆ, ಸುಟ್ಟ ವಾಸನೆಗೆ ಮೂಗು ಮುಚ್ಚಿಕೊಂಡ ಜನ. ಮದರ್‌ಬೋರ್ಡು, ಕಾರ್ಡು ಎಲ್ಲ ಒಟ್ಟಿಗೆ ಹೋಯಿತು. ನೀನು ಮೈಕ್ ಹಿಡಿದು, “ಆರ್ಸೂವಾಗ ನನ್ನ ಒಂದ್ಮಾತು ಕೇಳಿದ್ರ ಹಿಂಗ ಆಗ್ತಿರ್ಲಿಲ್ಲ ಪಾಪ” ಎಂದೆ. ಸಭೆ ನಕ್ಕಿತು. ರಿಪೇರಿ ಮಾಡಿಸುತ್ತೇನೆಂದು ಅವಳ ಯಂತ್ರವನ್ನು ಅಲ್ಲಿಂದಲೇ ಎತ್ತಿಕೊಂಡು ಹೋಗಿ ಗುಜರಿಗೆ ಹಾಕಿದೆ. ಮುಂದೆ ನಿನ್ನ ವಿಡಿಯೋಗಳಲ್ಲಿ ಅವಳ ಮಾತುಗಳನ್ನೇ ಒಂದೊಂದಾಗಿ ಹೇಳುತ್ತೀ, ಜೋಡಿ ಎತ್ತಿನ ಮಾತನ್ನೂ ಬಿಡುವುದಿಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ನೀಲಾ ಮತ್ತೆ ಯಾವ ಯಂತ್ರವನ್ನೂ ಆರಿಸಲಿಲ್ಲ. ಯಾರಾದರೂ ಮೊಬೈಲ್ ಯಾವುದು ತಗೊಳ್ಳಲಿ ಎಂದು ಕೇಳಿದರೂ ನನಗೆ ತಿಳಿಯುವುದಿಲ್ಲ ಎನ್ನುತ್ತಿದ್ದಳಂತೆ. ಅವಳಿಗಿಂತ ಚೆನ್ನಾಗಿ ತಿಳಿದವರು ಆ ಊರಿನಲ್ಲಿ ಇರಲಿಲ್ಲ.

ಈಗ ನಿನಗೆ ಗೊತ್ತಿಲ್ಲದ ಸಂಗತಿ ಹೇಳುತ್ತೇನೆ, ನೆಟ್ಟಗೆ ಕೂತು ಓದು.

ನೀಲಾಳ ಅವ್ವ, ನಿನ್ನ ಚಿಕ್ಕಮ್ಮ ಗೌರವ್ವ, ಮನೆಗೆ ಬಂದ ಯಾವ ಸ್ಟೀಲ್ ಸಾಮಾನನ್ನೂ ಹೆಸರಿಲ್ಲದೆ ಇಟ್ಟವಳಲ್ಲ. ಲೋಟ, ಬಟ್ಟಲು, ಬೋಗಾಣಿ ಎಲ್ಲವೂ ಪಾತ್ರೆ ಅಂಗಡಿಗೆ ಹೋಗಿ ಹೆಸರು ಕೊರೆಸಿಕೊಂಡೇ ಅಡುಗೆಮನೆಗೆ ಬರಬೇಕು. ಮಗಳು ಇಷ್ಟು ಆಸೆಪಟ್ಟು ತಂದ ಕಪ್ಪು ಪೆಟ್ಟಿಗೆಯೂ ತಗಡಿನದೇ ತಾನೇ? “ಮದವಿ ಮನ್ಯಾಗ ಇಷ್ಟಿಷ್ಟು ದೊಡ್ಡ ಬೋಗಾಣಿನ ಅದಲು ಬದಲು ಆಗ್ತಾವ, ಇದ್ಯಾವ ಲೆಕ್ಕ” ಎಂದುಕೊಂಡು, ನೀಲಾ ಟ್ಯೂಶನ್ನಿಗೆ ಹೋದ ಹೊತ್ತಿನಲ್ಲಿ ಅದನ್ನು ಸೆರಗಿನಲ್ಲಿ ಸುತ್ತಿ ಒಯ್ದಳು. ಅಂಗಡಿಯವನು ನಕ್ಕನಂತೆ, ಆದರೆ ಕೊರೆದುಕೊಟ್ಟ. ಹೊಸ ಸಾಮಾನು ಕೆಡಿಸಿದೆ ಎಂದು ಮಗಳು ಬೈದಾಳೆಂಬ ಹೆದರಿಕೆಗೆ ಗೌರವ್ವ ಬಾಯಿ ಬಿಡಲಿಲ್ಲ. ಹೆಸರು ತಳದಲ್ಲಿದೆ, ಅಂಚಿನ ಹತ್ತಿರ, ಬಟ್ಟಲಿಗೆ ಹಾಕಿಸುವಷ್ಟೇ ಸಣ್ಣ ಚುಕ್ಕಿಗಳಲ್ಲಿ: ನೀಲಾಂಬಿಕಾ. ಪಾತ್ರೆ ತೊಳೆದವರು ಯಾವ ಸಾಮಾನು ಕೈಗೆ ಬಂದರೂ ಮೊದಲು ತಿರುಗಿಸಿ ಅಲ್ಲೇ ನೋಡುತ್ತಾರೆ. ನೀನು ಆಯುಷ್ಯದಲ್ಲಿ ಒಂದು ಲೋಟ ತೊಳೆದವನಲ್ಲ.

ಇಲ್ಲಿಗೆ ಸ್ವಲ್ಪ ನಿಲ್ಲಿಸುತ್ತೇನೆ. ನಿನಗೆ ಕೆಲಸವಿದೆ.

ಬಂದೆಯಾ? ಕೈ ಒರೆಸಿಕೋ, ಕಾಗದಕ್ಕೆ ತಗಡಿನ ಪುಡಿ ಹತ್ತೀತು.

ನೀನು ಕಾಗದವನ್ನು ಕೆಳಗಿಟ್ಟೆ, ಯಂತ್ರ ಬಿಚ್ಚಿದೆ, ಪೆಟ್ಟಿಗೆಯನ್ನು ಹೊರತೆಗೆದು ತಿರುಗಿಸಿದೆ. ಹೆಸರು ಓದಿದೆ. ಅರ ಹುಡುಕಿ ತಂದು ಉಜ್ಜತೊಡಗಿದೆ. ಮೊದಲ ಅಕ್ಷರ ಅರ್ಧ ಮಾಸುವಷ್ಟರಲ್ಲಿ ಪುಡಿ ಫ್ಯಾನಿನ ಕಿಂಡಿಯೊಳಗೆ ಬಿದ್ದು ಪೆಟ್ಟಿಗೆ ಸುಟ್ಟೀತೆಂದು ಹೆದರಿ ನಿಲ್ಲಿಸಿದೆ. ಅಂಥ ಇನ್ನೊಂದು ಪೆಟ್ಟಿಗೆಯನ್ನು ಆರಿಸುವ ಬುದ್ಧಿ ನಿನಗಿಲ್ಲ, ಆದ್ದರಿಂದ ಎಸೆಯುವ ಧೈರ್ಯವೂ ಇಲ್ಲ. ಇವೆಲ್ಲ ನನಗೆ ಹೇಗೆ ಗೊತ್ತು ಎಂದು ಯೋಚಿಸುತ್ತಿರಬಹುದು, ಹೇಳುತ್ತೇನೆ.

ಬಹಳ ವರ್ಷಗಳ ಮೇಲೆ, ಗೌರವ್ವ ಕೊನೆಗಾಲದಲ್ಲಿ ಬಾಯಿ ಬಿಟ್ಟಾಗ, ನೀಲಾ ನಿನ್ನ ಬಾಗಿಲಿಗೆ ಬರುತ್ತಾಳೆ. ಒಮ್ಮೆ ತಿರುಗಿಸಿ ತೋರಿಸು ಅಣ್ಣ ಎನ್ನುತ್ತಾಳೆ. “ಆಯುಧಪೂಜಿ ಆದ ಮಷೀನ ಬಿಚ್ಚಬಾರದು ತಂಗಿ” ಎಂದು ನೀನು ಅವಳನ್ನು ಹೊಸ್ತಿಲಿನಿಂದಲೇ ಕಳಿಸುತ್ತೀ. ಅಂದೇ ಅವಳು ತನ್ನ ಮಗಳಿಗೆ ಹೇಳಿದಳು, ಆ ಯಂತ್ರ ಎಲ್ಲಿರುತ್ತದೋ ಅಲ್ಲಿ ಧೂಳು ಒರೆಸುವ ಕೆಲಸ ಹಿಡಿ ಎಂದು. ನಾವು ಗತಿಯಿಲ್ಲದೆ ಧೂಳು ಒರೆಸಿದವರಲ್ಲ, ಮೃತ್ಯುಂಜಯ. ಯಜಮಾನರು ಗಾಜಿನ ಆಚೆ ನಿಂತು ನಮಸ್ಕಾರ ಮಾಡುತ್ತಾರೆ, ಗೂಡಿನೊಳಗೆ ಕೈ ಹಾಕುವುದು ನಾವು ಮಾತ್ರ. ಆದರೆ ಬೀಗ ತೆಗೆದು ಯಜಮಾನರು ಎದುರಿಗೇ ನಿಲ್ಲುತ್ತಿದ್ದರು, ಬೀಗದ ಕೈ ನಮ್ಮಲ್ಲೊಬ್ಬಳಿಗೆ ಸಿಗುವ ತನಕ ಕಾದೆವು. ನನಗೆ ಸಿಕ್ಕಿತು. ನಿನ್ನೆ, ಹಬ್ಬದ ಸಭೆಯಲ್ಲಿ, ಎಲ್ಲರ ಎದುರು ನಾನು ನಿನ್ನ ಯಂತ್ರ ಬಿಚ್ಚಿ ಆ ಪೆಟ್ಟಿಗೆಯನ್ನು ಬೋಗಾಣಿ ತಿರುವಿದ ಹಾಗೆ ತಿರುವಿ ಹಿಡಿದೆ.

ನಿನ್ನ ವಂಶದವರು ಒಂದು ಕ್ಷಣ ಬೆಪ್ಪಾದರು, ಆಮೇಲೆ ಜಾಣರಾದರು. ಧೂಳಿನವರೇ ಈಚೆಗೆ ಹೆಸರು ಕೊರೆದಿದ್ದಾರೆ ಎಂದರು. ಸಭೆ ತಲೆದೂಗಿತು. ನಾನು ಸೋತೆ ಎಂದುಕೊಂಡೆ. ಅಷ್ಟರಲ್ಲಿ ಮುಂದಿನ ಸಾಲಿನ ಮುದುಕಿಯೊಬ್ಬಳು ಕಣ್ಣು ಕಿರಿದು ಮಾಡಿ, “ಹೆಸರಿನ ಮ್ಯಾಲೆ ಅರ ಆಡಿಸ್ಯಾರಲ್ಲ, ಅದ್ಯಾರು?” ಎಂದಳು. ಎಲ್ಲರೂ ಎದ್ದು ಬಂದು ನೋಡಿದರು. ಅರದ ಗೀರುಗಳಲ್ಲಿ ಕೂತ ತುಕ್ಕು ನಿನ್ನ ಕಾಲದಷ್ಟೇ ಹಳೆಯದು, ಹೆಸರು ಆ ಗೀರುಗಳ ಅಡಿಯಲ್ಲಿತ್ತು. ಹೆಸರು ಬೇಕಾದವರು ಅದನ್ನು ಉಜ್ಜುವುದಿಲ್ಲ. ಹೆಸರಿಗೆ ಹೆದರಿದವನು ಉಜ್ಜುತ್ತಾನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಮನೆಗೆ ಬಂದ ಮೇಲೆ ನನಗೆ ಹೊಳೆಯಿತು. ತಳದಲ್ಲಿ ಹೆಸರಿದೆ ಎಂದು ನಿನಗೆ ಯಾರು ಹೇಳಿರಬೇಕು? ಗೌರವ್ವ ಹೇಳಲಿಲ್ಲ. ನೀಲಾ ಬಂದದ್ದು ಎಷ್ಟೋ ವರ್ಷದ ಮೇಲೆ, ಅಷ್ಟರಲ್ಲಿ ನಿನ್ನ ಯಂತ್ರ ನಿನ್ನ ಮನೆಯಲ್ಲೇ ಗಾಜಿನ ಗೂಡು ಸೇರಿತ್ತು, ಆಮೇಲೆ ಅದನ್ನು ಯಾರೂ ಬಿಚ್ಚಲಿಲ್ಲ. ಹಾಗಾದರೆ ನಾನೇ ಹೇಳಿರಬೇಕು. ಅದಕ್ಕೇ ಬೆಳಿಗ್ಗೆ ಎದ್ದು ಮುಖ ತೊಳೆದು, ಈ ಓಲೆ ಬರೆಯಲು ಕೂತೆ. ನೀನು ಅರ ಮುಟ್ಟದೆ ಆ ಪೆಟ್ಟಿಗೆಯನ್ನು ನೀಲಾಳ ಕೈಗೆ ಕೊಟ್ಟು ತಪ್ಪಾಯಿತು ತಂಗಿ ಎಂದಿದ್ದರೆ, ನನ್ನ ಹತ್ತಿರ ನಿನ್ನ ಮೇಲೆ ಸಾಧಿಸಲು ಏನೂ ಉಳಿಯುತ್ತಿರಲಿಲ್ಲ. ಮೇಲೆ ನಾನು ಬರಹ ನಿಲ್ಲಿಸಿದ ಜಾಗದಲ್ಲಿ ಆ ದಾರಿ ತೆರೆದೇ ಇತ್ತು. ನೀನು ಅರ ತಂದೆ.

ಗಾಜಿನ ಗೂಡಿನ ಫಲಕ ನಿನ್ನೆಯೇ ಬದಲಾಯಿತು. ಈಗ ಅಲ್ಲಿ ನೀಲಾಳ ಹೆಸರಿದೆ. ಇವತ್ತು ಬೆಳಿಗ್ಗೆ ಓಣಿಯಲ್ಲಿ ಒಬ್ಬ ಹುಡುಗಿ ಮಣ್ಣಿನ ಭಾಗಗಳನ್ನು ಚೆಂದವಾಗಿ ಆರಿಸಿಟ್ಟಿದ್ದಳು. ಅವಳ ಅಜ್ಜಿ, “ಏ, ನೀಲಾ ಜೋಡ್ಸಿದ್ಹಂಗ ಐತಿ ನೋಡಽ!” ಎಂದು ದೃಷ್ಟಿ ತೆಗೆದಳು. ನಾನು ಅಲ್ಲೇ ನಿಂತು ಅತ್ತುಬಿಟ್ಟೆ.

ನಿನ್ನ ಹೆಸರನ್ನು ಬೈಗುಳ ಮಾಡೋಣ ಎಂದು ಕೆಲವರು ಹೇಳಿದರು. ನಾನು ಬೇಡವೆಂದೆ. ಬೈಯಲಿಕ್ಕಾದರೂ ನೆನಪಿಟ್ಟುಕೊಳ್ಳಬೇಕಲ್ಲ. ನಮ್ಮ ಕಾಲದಲ್ಲಿ ನಿನ್ನ ಹೆಸರನ್ನು ಕೊನೆಯ ಬಾರಿ ಬರೆದ ಜಾಗ ಈ ಓಲೆ. ಅದನ್ನೂ ನಿನಗೇ ಕಳಿಸುತ್ತಿದ್ದೇನೆ, ಇಟ್ಟುಕೋ.

ಸುಟ್ಟಪೆಟ್ಟಿಗೆಯವರ ಚಿಗರಿ