ಮಗ್ಗ ನಿಂತರೆ ಏಳುವ ಕೂಸುಗಳು

ಅತ್ತೆಗೆ ರಬಕವಿಯಿಂದ ನಮಸ್ಕಾರ.

ನೇಕಾರರ ಊರಿನ ಗದ್ದಲದಲ್ಲಿ ಮಗು ಮಲಗುವುದಿಲ್ಲ ಎಂದು ನೀವು ಹೆದರಿದ್ದಿರಿ. ನಾವು ಇಳಿದುಕೊಂಡ ಮನೆಯಲ್ಲಿ ಗೋಡೆಯಾಚೆಯೇ ಪವರ್‌ಲೂಮ್‌ಗಳು. ನಮ್ಮ ಮಾತು ನಮಗೇ ಕೇಳಿಸುವುದಿಲ್ಲ, ಪುಟ್ಟಿ ಮಾತ್ರ ಗೊರಕೆ ಹೊಡೆಯುತ್ತಾಳೆ. ನಿನ್ನೆ ಮಧ್ಯಾಹ್ನ ಕರೆಂಟ್ ಹೋಗಿ ಮಗ್ಗಗಳು ನಿಂತವು. ಓಣಿಯ ಕೂಸುಗಳೆಲ್ಲ ಎದ್ದು ಒಟ್ಟಿಗೆ ಅತ್ತವು, ನಮ್ಮದೂ ಸೇರಿ. ಮನೆಯೊಡತಿ ಅನಸವ್ವ ಮಗ್ಗದ ಹಳೆಯ ಲಾಳಿಯೊಂದನ್ನು ತಂದು ತೊಟ್ಟಿಲಿಗೆ ಟಕಾಟಕ್ ಬಡಿಯುತ್ತ, “ನಮ್ಮ ಕೂಸುಗೊಳಿಗೆ ಇದ ಜೋಗುಳ ನೋಡ್ರಿ,” ಎಂದರು. ಪುಟ್ಟಿ ಮಲಗಿಯೇಬಿಟ್ಟಳು.

ನನ್ನ ನೆಗಡಿ ವಾಸಿಯಾಗಿದೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ ಒಗ್ಗಿವೆ. ಭಾನುವಾರ ಹೊರಡುತ್ತೇವೆ. ಅಷ್ಟರಲ್ಲಿ ಅಟ್ಟದ ಮೇಲಿನ ಮಾವನ ಹೊಲಿಗೆ ಯಂತ್ರ ಇಳಿಸಿ ಎಣ್ಣೆ ಹಾಕಿಸಿಡಿ. ಹೊಲಿಯುವುದೇನೂ ಇಲ್ಲ, ಪುಟ್ಟಿ ಮಲಗಬೇಕಲ್ಲ.

ಅವಸರದಲ್ಲಿ,
ಸೊಸೆ ಸುಗುಣ